ಹದ್ದುಗಣ್ಣನ ಹಾಲುಬಿಳಿ

ಗೋಡೆಗೆ ಬಣ್ಣ ಬಳಿಯುವ ಆತನಿಗೆ ಹದ್ದುಗಣ್ಣ ಎಂಬ ಅಡ್ಡಹೆಸರಿತ್ತು. ಇಟ್ಟವರು ಬೇರೆ ಯಾರೂ ಅಲ್ಲ, ಸ್ವತಃ ಅವನೇ. "ಶೇಡ್ ಕಾರ್ಡು ಕಣ್ಣಿಲ್ಲದವರಿಗೆ" ಎಂದು ಕಂಪನಿಯ ಆ ಬಣ್ಣದ ಮಾದರಿಪಟ್ಟಿಯ ಮೇಲೆ ಟೀ ಲೋಟ ಇಡುತ್ತಿದ್ದ. ಬಿಳಿ ಬಣ್ಣಕ್ಕೆ ತೊಟ್ಟು ನೀಲಿ ಬೆರೆಸಿದರೆ ಅದು ಇನ್ನಷ್ಟು ಬಿಳಿಯಾಗಿ ಕಾಣುತ್ತದೆಂದು ಕಸುಬಿನವರಿಗೆಲ್ಲ ಗೊತ್ತು. ಎಷ್ಟು ತೊಟ್ಟು ಎಂಬುದು ಮಾತ್ರ ಈ ಮಹಾನುಭಾವನ ಕಣ್ಣಿಗೆ ಬಿಟ್ಟ ವಿಚಾರ.

ಅವನಿಗೆ ಅರವತ್ತು ದಾಟಿದ್ದೇ ತಡ, ಬಣ್ಣದ ಕಂಪನಿಗಳೆಲ್ಲ ಸೇರಿ ಕಲಬೆರಕೆ ಶುರುಮಾಡಿದವು. ಯಾವ ಡಬ್ಬ ತೆರೆದರೂ ಬಿಳಿ ಹಳದಿಗೆ ತಿರುಗಿರುತ್ತಿತ್ತು. ಕಂಪನಿಗಳನ್ನು ಮನಸಾರೆ ಬೈದು ನೀಲಿಯನ್ನು ಧಾರಾಳವಾಗಿ ಸುರಿಯುತ್ತಿದ್ದ. ಬೀದಿಯ ಬಿಳಿ ಮನೆಗಳು ಒಂದೊಂದಾಗಿ ನೀಲಿಗಟ್ಟಿದವು. ಅವನ ಬಾಯಿಗೆ ಹೆದರಿ ಯಾರೂ ಉಸಿರೆತ್ತಲಿಲ್ಲ.

ಹೀಗಿರುವಾಗ ಎದುರುಮನೆಯ ಅಕ್ಕ ತನ್ನ ಮನೆಗೆ ಹಾಲುಬಿಳಿ ಬೇಕೆಂದಳು. ಒಡಹುಟ್ಟಿದವಳಲ್ಲವೇ, ಪ್ರೀತಿ ಉಕ್ಕಿತು; ಅವಳ ಡಬ್ಬಕ್ಕೆ ನೀಲಿ ಇನ್ನಷ್ಟು ಬಿತ್ತು.

ಗೋಡೆ ಒಣಗಿದ ಮೇಲೆ ಅಕ್ಕ ಸೊಂಟಕ್ಕೆ ಕೈಕೊಟ್ಟು ನೋಡಿದಳು. "ಇದು ನೀಲಿ ಕಣೋ."

"ಹಾಲುಬಿಳಿ."

"ನಿನ್ನ ಹಸು ಏನು ತಿಂದಿತ್ತೋ?"

ನಕ್ಕು ಸುಮ್ಮನಾಗಬಹುದಿತ್ತು. "ನಿನಗೆ ಕಣ್ಣಿಲ್ಲ, ಹೋಗಿ ಡಾಕ್ಟರಿಗೆ ತೋರಿಸ್ಕೋ" ಅಂದುಬಿಟ್ಟ. ಅವಳು ಮಾತು ಹಿಂತೆಗೆದುಕೊಳ್ಳುವವರೆಗೂ ಆ ಹೊಸ್ತಿಲು ತುಳಿಯುವುದಿಲ್ಲವೆಂದು ಬ್ರಷ್ಷು ಎತ್ತಿಕೊಂಡು ಬಂದ. ಎದುರುಬದುರು ಮನೆ, ಮೂರು ವರ್ಷ ಮಾತಿಲ್ಲ ಕತೆಯಿಲ್ಲ. ಬಾಗಿಲಲ್ಲಿ ಅಕ್ಕ ಕಂಡರೆ ಇವನು ಆಕಾಶ ನೋಡುತ್ತಿದ್ದ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದವಳು ಅವಳೇ. ಹಾಗಂತ ಹದ್ದುಗಣ್ಣ ಸೋಲುವುದುಂಟೇ?

ಕೊನೆಗೆ ಏಣಿಯ ಮೆಟ್ಟಿಲು ಕಾಣದೆ ಜಾರಿಬಿದ್ದಾಗ ಹೆಂಡತಿ ಅವನನ್ನೇ ಕಣ್ಣಿನ ಡಾಕ್ಟರ ಬಳಿ ಎಳೆದೊಯ್ದಳು. ಎರಡೂ ಕಣ್ಣಿಗೆ ಪೊರೆ. "ಇಷ್ಟು ದಿನ ಹಳದಿ ಗಾಜಿನ ಹಿಂದೆ ಕೂತು ಲೋಕ ನೋಡ್ತಿದ್ರಿ" ಎಂದರು ಡಾಕ್ಟರು. ಸದ್ಯಕ್ಕೆ ಬಲಗಣ್ಣಿನ ಪೊರೆ ತೆಗೆದು, ಆ ಕಣ್ಣಿಗೆ ನೀರು ತಾಗಿಸಬೇಡಿ ಎಂದು ಹೇಳಿ ಕಳಿಸಿದರು.

ಪಟ್ಟಿ ಬಿಚ್ಚಿದ ದಿನ ಬಾಗಿಲಿಗೆ ಬಂದು ನಿಂತ. ಎದುರಿನ ಗೋಡೆ, ನೀಲಿಯಲ್ಲಿ ಅದ್ದಿ ಜಾಲಿಸಲು ಮರೆತ ಬೆಡ್‌ಶೀಟಿನಂತಿತ್ತು. ಬಲಗಣ್ಣು ಮುಚ್ಚಿದ, ಹಾಲುಬಿಳಿ. ಎಡಗಣ್ಣು ಮುಚ್ಚಿದ, ನೀಲಿ. ಮತ್ತೆ ಮತ್ತೆ ಮುಚ್ಚಿ ತೆರೆದ. ಮುದುಕ ಯಾರಿಗೋ ಕಣ್ಣು ಹೊಡೆಯುತ್ತಿದ್ದಾನೆಂದು ದಾರಿಹೋಕರು ನಗಾಡಿದರು. ಕಂಪನಿಗಳನ್ನು ಬೈಯಲು ಈ ಸಲ ಬಾಯಿ ಬರಲಿಲ್ಲ.

ಬ್ರಷ್ಷು, ಡಬ್ಬ ಹಿಡಿದು, ಶೇಡ್ ಕಾರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀದಿ ದಾಟಿದ.

"ಅಕ್ಕಾ, ಗೋಡೆ ಯಾಕೋ ಸ್ವಲ್ಪ ಬಣ್ಣ ಬದಲಾದ ಹಾಗಿದೆ" ಎಂದ. ಜಂಭಕ್ಕೆ ಡಾಕ್ಟರು ಆಪರೇಷನ್ ಮಾಡಿರಲಿಲ್ಲ.

"ಹಚ್ಚಿದ ದಿನದಿಂದ ಹೀಗೇ ಇದೆ."

ಕಂಕುಳಿನ ಶೇಡ್ ಕಾರ್ಡು ತೆಗೆದು ಅವಳ ಮುಂದೆ ಹಿಡಿದ. "ನನ್ನದೇ ತಪ್ಪು. ಇವತ್ತೇ ಹಾಲುಬಿಳಿ ಹೊಡೆದುಕೊಡ್ತೀನಿ."

ಅಕ್ಕ ಅವನ ಕೈಯಿಂದ ಡಬ್ಬ ತೆಗೆದು ಹೊರಗಿಟ್ಟಳು. "ಗೋಡೆ ಹಾಗೇ ಇರ್ಲಿ ಬಿಡು, ಅಭ್ಯಾಸ ಆಗಿದೆ. ನೀನು ಬರದೇ ಇರೋದು ಮಾತ್ರ ಅಭ್ಯಾಸ ಆಗ್ಲಿಲ್ಲ. ಬಾ ಒಳಗೆ."

ಹೊಸ್ತಿಲು ದಾಟುವಷ್ಟರಲ್ಲಿ ಹೊಸ ಕಣ್ಣಿಗೆ ನೀರು ತಾಗಿಯೇಬಿಟ್ಟಿತು.