ವಿಮಾನ ಹತ್ತುವ ನಾಯಿಗಳಿಗೆ ತಿಮ್ಮಕ್ಕನ ಕಂಬಳಿ

ಅಜ್ಜಂಪುರ ರೈಲು ನಿಲ್ದಾಣದ ಪಕ್ಕದ ಬಯಲಿನಲ್ಲಿ ಇನ್ನೂ ಮಬ್ಬುಗತ್ತಲೆ. ಹಳಿಯಿಂದ ತುಸು ದೂರದಲ್ಲಿ ಕೆಂಚಪ್ಪನ ಲಗೇಜ್ ಆಟೋ ನಿಂತಿದೆ. ಅದರ ಹಿಂಬದಿಯಲ್ಲಿ ಬೂದು ಬಣ್ಣದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ, ಪೆಟ್ಟಿಗೆಗೆ ಕಬ್ಬಿಣದ ಸರಳಿನ ಬಾಗಿಲು, ಬಾಗಿಲ ಹಿಂದೆ ಒಂದು ನಾಯಿ. ಪಕ್ಕದಲ್ಲಿ ಸೆರಗು ತಲೆಗೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತ ತಿಮ್ಮಕ್ಕ ಎಲೆಅಡಿಕೆ ಜಗಿಯುತ್ತಿದ್ದಾರೆ. ನಾಯಿಯ ಕಡೆ ಅಪ್ಪಿತಪ್ಪಿಯೂ ನೋಡುತ್ತಿಲ್ಲ. ಬೀರೂರಿನ ದಿಕ್ಕಿನಿಂದ ಗೂಡ್ಸ್ ರೈಲಿನ ಸದ್ದು ಕೇಳಿದ್ದೇ ತಡ, "ಬತ್ತೈತೆ, ಯಾರೂ ಮಾತಾಡ್ಬೇಡಿ" ಎನ್ನುತ್ತಾರೆ.

ರೈಲು ನಮ್ಮ ಎದುರಿಗೇ ಬಂದು ಸಿಳ್ಳೆ ಹಾಕುತ್ತದೆ. ಆಟೋ ಅದುರುತ್ತದೆ. ನಾನು ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತೇನೆ. ಡಬ್ಬಿಗಳು ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಹೊತ್ತು ಗಡಗಡ ಸದ್ದು. ಪೆಟ್ಟಿಗೆಯೊಳಗಿನ ನಾಯಿ ಒಂದು ಕಿವಿ ನಿಮಿರಿಸಿ, ಆಮೇಲೆ ಆಕಳಿಸಿ, ಮುಂಗಾಲ ಮೇಲೆ ಗದ್ದ ಇಡುತ್ತದೆ.

"ನಾಯಿ ಪಾಸು. ಪೇಪರ್ನೋರು ಫೇಲು" ಎಂದು ತಿಮ್ಮಕ್ಕ ಎದ್ದು ಸೀರೆ ಕೊಡವಿಕೊಳ್ಳುತ್ತಾರೆ. ಒಪ್ಪಿಕೊಳ್ಳದೆ ವಿಧಿಯಿಲ್ಲ. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವ ಜಾತಿ ನಾನು. ನನ್ನನ್ನು ಈ ವರದಿಗೆ ಕಳಿಸಿದವರು ಬೇಕೆಂದೇ ಕಳಿಸಿದರೆಂಬ ಗುಮಾನಿ ಈಗಲೂ ಇದೆ.

ತಿಮ್ಮಕ್ಕ ಮಾಡುವ ಈ ಕೆಲಸಕ್ಕೆ ನಮ್ಮ ಕಡೆ ಇನ್ನೂ ಹೆಸರು ಹುಟ್ಟಿಲ್ಲ. ಕಡೂರಿನ ಪಶುವೈದ್ಯ ಡಾ. ರುದ್ರಮೂರ್ತಿಯವರ ಕ್ಲಿನಿಕ್ಕಿನಲ್ಲಿ ಕಸ ಗುಡಿಸಿ ನೆಲ ಒರೆಸುವುದು ಅವರ ಸಂಬಳದ ಕೆಲಸ. ಅದರ ಜೊತೆಗೇ, ದೇಶ ಬಿಟ್ಟು ಹೊರಡುವವರ ನಾಯಿಗಳನ್ನು ವಿಮಾನದ ಪೆಟ್ಟಿಗೆಗೆ ಒಗ್ಗಿಸಿ ಕಳಿಸುತ್ತಾರೆ. ಕಡೂರು, ತರೀಕೆರೆ, ಅಜ್ಜಂಪುರದ್ದಷ್ಟೇ ಅಲ್ಲ, ಶಿವಮೊಗ್ಗ, ದಾವಣಗೆರೆಯಿಂದಲೂ ನಾಯಿಗಳು ಬರುತ್ತವೆ. ಕೆನಡಾ, ದುಬೈ, ಐರ್ಲೆಂಡ್ ಎಂದು ಈವರೆಗೆ ಇಪ್ಪತ್ತರ ಹತ್ತಿರ ನಾಯಿಗಳು ಇವರ ಕೈ ಹಾದು ಸಮುದ್ರ ದಾಟಿವೆ.

ನಾಯಿಯನ್ನು ಹೊರದೇಶಕ್ಕೆ ಒಯ್ಯುವುದು ಎಂದರೆ ಟಿಕೆಟ್ ಕೊಂಡು ಹೊರಡುವ ಮಾತಲ್ಲ. ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಚಿಪ್ ಹಾಕಿಸಬೇಕು, ರೇಬೀಸ್ ಲಸಿಕೆಯಾಗಬೇಕು, ರಕ್ತ ತೆಗೆದು ವಿದೇಶದ ಪ್ರಯೋಗಾಲಯಕ್ಕೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕು. "ಅದೆಲ್ಲ ಓಡಾಟದ ಕೆಲಸ, ನಾನು ಮಾಡಿಕೊಡ್ತೀನಿ" ಎನ್ನುತ್ತಾರೆ ರುದ್ರಮೂರ್ತಿ. "ಆದ್ರೆ ನಾಯಿ ಪೆಟ್ಟಿಗೇಲಿ ಕೂರಲ್ಲ ಅಂದ್ರೆ ಅಷ್ಟೂ ವ್ಯರ್ಥ. ಬಾಗಿಲು ಕಚ್ಚಿ ಅರಚಾಡೋ ನಾಯೀನ ವಿಮಾನದವ್ರು ವಾಪಸ್ ಕಳಿಸಬಹುದು. ನಿದ್ದೆ ಬರೋ ಔಷಧಿ ಕೊಟ್ಟು ಕಳಿಸೋಣ ಅಂದ್ರೆ ಅದು ಜೀವಕ್ಕೇ ಅಪಾಯ. ಅಲ್ಲಿ ತಿಮ್ಮಕ್ಕ ಬೇಕು."

ರೈಲಿನ ಸದ್ದಿಗೆ ಆಕಳಿಸಿದ ನಾಯಿಯ ಹೆಸರು ಬೆಣ್ಣೆ. ತರೀಕೆರೆ ಬಸ್ ನಿಲ್ದಾಣದ ಮಿಕ್ಸ್‌ಚರ್ ಅಂಗಡಿಯ ಅಡಿಯಲ್ಲಿ ಹುಟ್ಟಿದ ಬೀದಿನಾಯಿ. ಅದನ್ನು ಮರಿಯಿದ್ದಾಗಲೇ ಮನೆಗೆ ತಂದವಳು ಸ್ಫೂರ್ತಿ. ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಗೆ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಹಗಲು ಡ್ಯೂಟಿ, ಸಂಜೆ ಜರ್ಮನ್ ಭಾಷೆಯ ಪಾಠ ಎಂದು ವರ್ಷಗಟ್ಟಲೆ ತಿಣುಕಿ ಗಳಿಸಿದ ಕೆಲಸ. ತಾಯಿ ಮಲ್ಲಿಕಾಂಬ ತರೀಕೆರೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಾರೆ. ಮಗಳು ಹೊರಡುವುದಕ್ಕೆ ಅವರ ತಕರಾರಿಲ್ಲ. ಅವರಿಗಿರುವುದು ಒಂದೇ ಹೆದರಿಕೆ.

"ಇವ್ಳು ಹುಟ್ಟಿದಾಗಿಂದ ಒಬ್ಳೇ ಒಂದು ರಾತ್ರಿ ಮಲಗಿದೋಳಲ್ಲ" ಎನ್ನುತ್ತಾರೆ ಮಲ್ಲಿಕಾಂಬ. "ಹಾಸ್ಟೆಲ್ಲಲ್ಲೂ ಜೊತೆಗೆ ನಾಲ್ಕು ಜನ ಇರ್ತಿದ್ರು. ಅಲ್ಲಿ ಹೋಗಿ ಒಂದು ರೂಮಲ್ಲಿ ಒಬ್ಳೇ ಇರ್ತೀನಿ ಅಂತಾಳೆ. ಬೆಣ್ಣೆ ಜೊತೆಗಿದ್ರೆ ನನಗೊಂದು ಧೈರ್ಯ. ನಾಯಿ ಇದ್ದ ಕಡೆ ಮಾತು ಇರುತ್ತೆ." ಸ್ಫೂರ್ತಿ ನಗುತ್ತಾಳೆ, ಆದರೆ ಅಲ್ಲಗಳೆಯುವುದಿಲ್ಲ. ನಾಯಿ ಸಾಕಲು ಒಪ್ಪಿಗೆಯಿರುವ ಬಾಡಿಗೆ ಮನೆಯನ್ನೇ ಹುಡುಕಿಸಿ ಗೊತ್ತು ಮಾಡಿಕೊಂಡಿದ್ದಾಳೆ.

ಕಷ್ಟ ಏನೆಂದರೆ ಬೆಣ್ಣೆಗೆ ಸರಳಿನ ಬಾಗಿಲು ಕಂಡರೆ ಜೀವ ಹೋಗುತ್ತದೆ. ಒಮ್ಮೆ ಬೀದಿನಾಯಿ ಹಿಡಿಯುವ ಗಾಡಿಯವರು ಕೊರಳಪಟ್ಟಿ ಬಿಚ್ಚಿಹೋಗಿದ್ದ ಇದನ್ನೂ ಹಿಡಿದು ಬೋನಿಗೆ ಹಾಕಿದ್ದರು. ಸ್ಫೂರ್ತಿ ಹುಡುಕಿಕೊಂಡು ಹೋಗಿ ಬಿಡಿಸಿ ತಂದಳು. ಅಂದಿನಿಂದ ಅಂಗಡಿಯ ಶಟರ್ ಎಳೆದರೂ ಅದು ಓಡಿ ಬಟ್ಟೆಯ ಥಾನುಗಳ ಹಿಂದೆ ಅಡಗುತ್ತಿತ್ತು. ವಿಮಾನದ ಪೆಟ್ಟಿಗೆ ಮನೆಗೆ ಬಂದ ದಿನ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಟಿಕೆಟ್ ಆಗಿತ್ತು. ಜರ್ಮನಿಯಲ್ಲಿ ಕೆಲಸಕ್ಕೆ ಹಾಜರಾಗುವ ದಿನ ಗೊತ್ತಾಗಿತ್ತು. ಜಪ್ಪಯ್ಯ ಅಂದರೂ ಬೆಣ್ಣೆ ಒಳಗೆ ಹೋಗುವಂತಿರಲಿಲ್ಲ.

ಇಲ್ಲಿ ತಿಮ್ಮಕ್ಕನ ಹಿನ್ನೆಲೆ ಹೇಳಬೇಕು. ಅಂತರಘಟ್ಟೆಯ ಕಡೆಯ ಕುರಿ ಸಾಕುವ ಮನೆತನ ಅವರದು. ತಂದೆ ಸಣ್ಣಬೀರಪ್ಪ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸುತ್ತ ಊರೂರು ತಿರುಗಿದವರು. ಶಾಲೆಗೆ ಹೋಗುವ ವಯಸ್ಸಿನಲ್ಲಿ ತಿಮ್ಮಕ್ಕ ಮಂದೆಯ ಹಿಂದೆ ನಡೆದರು. ಆಮೇಲೆ ಮೇವಿನ ಜಾಗ ಕಡಿಮೆಯಾಗಿ ಕುರಿ ಮಾರಿದರು, ಮದುವೆಯಾಗಿ ಅಜ್ಜಂಪುರಕ್ಕೆ ಬಂದರು, ಗಂಡನ ಬೆನ್ನುನೋವು ಜಾಸ್ತಿಯಾದ ಮೇಲೆ ಕಡೂರಿನ ಬಸ್ಸು ಹತ್ತಿ ಕ್ಲಿನಿಕ್ಕಿನ ಪೊರಕೆ ಹಿಡಿದರು. ಇಷ್ಟನ್ನು ಅವರು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಮಂದೆಯ ನಾಯಿಗಳ ವಿಷಯ ಬಂದರೆ ಮಾತ್ರ ಬಸ್ಸು ತಪ್ಪಿದರೂ ನಿಲ್ಲಿಸುವುದಿಲ್ಲ.

"ನಮ್ಮಪ್ಪ ಹೊಲದ ಬದೀಲಿ ಕಂಬ್ಳಿ ಹಾಸಿ, ಅದ್ರ ಮ್ಯಾಲೆ ಬುತ್ತಿ ಇಟ್ಟು, ಎಳೇ ಮರಿ ಮಲಗ್ಸಿ, ನಾಯೀಗೆ 'ಕಾಯ್ಕೋ' ಅಂತ ಒಂದ್ಮಾತು ಹೇಳೋನು. ಮುಗೀತು. ನಾಯಿ ಕಂಬ್ಳಿ ಬಿಟ್ಟು ಅಲ್ಲಾಡ್ತಿರ್ಲಿಲ್ಲ. ಯಾರು ಹಾಸಿದ್ರೋ ಅವ್ರೇ ಬಂದು ಕಂಬ್ಳಿ ಎತ್ಬೇಕು, ಅಲ್ಲೀಗಂಟ ಅದ್ರ ಡ್ಯೂಟಿ. ಒಂದ್ಸಲ ಅಪ್ಪ ಬೀರೂರು ಸಂತೇಲಿ ಮಾತಿಗ್ ಕೂತು ಮರ್ತೇಬಿಟ್ಟ. ಮಳೆ ಬಂದು ಹೋಯ್ತು. ನಾಯಿ ಹಂಗೇ ತೊಪ್ಪೆಯಾಗಿ ಕೂತಿತ್ತು. ಅಪ್ಪ ಆವತ್ತು ತಾನ್ ಉಣ್ಣೋ ಮುದ್ದೇನ ಅದ್ಕೇ ಹಾಕ್ದ."

ಈ ವಿದ್ಯೆ ವಿಮಾನಕ್ಕೆ ತಾಗಿದ್ದು ಆಕಸ್ಮಿಕ. ಕಡೂರಿನ ತೆಂಗಿನಕಾಯಿ ವ್ಯಾಪಾರಿಯೊಬ್ಬರ ಮಗಳು ಭೂಮಿಕಾ ಕೆನಡಾಕ್ಕೆ ಹೊರಟಿದ್ದಳು. ಅವಳ ನಾಯಿಯ ಹೆಸರು ಟೈಗರ್, ಧೈರ್ಯ ಮಾತ್ರ ಮೊಲದ್ದು. ಪೆಟ್ಟಿಗೆ ತೋರಿಸಿದರೆ ಡಾಕ್ಟರ ಮೇಜಿನಡಿ ತೂರಿಕೊಂಡು ಹೊರಗೇ ಬರುತ್ತಿರಲಿಲ್ಲ. ನೆಲ ಒರೆಸುತ್ತಿದ್ದ ತಿಮ್ಮಕ್ಕ, "ಡಾಕ್ಟ್ರೇ, ಅದ್ಕೆ ಒಳಗೊಂದು ಕೆಲ್ಸ ಕೊಡಿ. ಸುಮ್ ಸುಮ್ನೆ ಡಬ್ಬದಾಗ್ ಕೂತ್ಕೋ ಅಂದ್ರೆ ಯಾರ್ ಕೂರ್ತಾರೆ" ಎಂದರು. ಮನೆಯಿಂದ ಕರಿ ಕಂಬಳಿ ತಂದು ಪೆಟ್ಟಿಗೆಯ ಅಳತೆಗೆ ಕತ್ತರಿಸಿದರು. ದೇವರ ಗದ್ದುಗೆಗೆ ಹಾಸುವ ಕಂಬಳಿಯನ್ನು ನಾಯಿಗೆ ಕತ್ತರಿಸಿದಳೆಂದು ಅತ್ತೆ ಮೂರು ದಿನ ಮಾತು ಬಿಟ್ಟರಂತೆ. ಟೈಗರ್ ಮಾತ್ರ ತಿಂಗಳೊಳಗೆ ಪೆಟ್ಟಿಗೆಯಲ್ಲಿ ರಾಜನಂತೆ ಕೂತು ಕೆನಡಾ ಸೇರಿತು.

ಅಲ್ಲಿ ಆದದ್ದೇ ಎಡವಟ್ಟು. ಬಾಗಿಲು ತೆಗೆದರೂ ಟೈಗರ್ ಕಂಬಳಿ ಬಿಟ್ಟು ಏಳಲಿಲ್ಲ. ಕಂಬಳಿಗೆ ಕೈ ಹಾಕಿದ ಭೂಮಿಕಾಳಿಗೇ ಗುರ್ ಎಂದಿತು. ವಿಮಾನ ನಿಲ್ದಾಣದವರು ಸುತ್ತ ನಿಂತರು. ಅವಳು ಅಳುತ್ತ ಡಾಕ್ಟರಿಗೆ ಫೋನು ಮಾಡಿದಳು, ಡಾಕ್ಟರು ತಿಮ್ಮಕ್ಕನ ಕೈಗೆ ಫೋನು ಕೊಟ್ಟರು. "ಬಾರೋ ಮಗಾ, ಕಂಬ್ಳಿ ಎತ್ತಿದೀನಿ ಬಾ" ಎಂದು ತಿಮ್ಮಕ್ಕ ಕೂಗಿದ್ದೇ ಟೈಗರ್ ಎದ್ದು ಬಂತು. ಬಂದು, ಫೋನಿನ ಹಿಂದೆ ಮುಂದೆ ಮೂಸಿ ಅವರನ್ನು ಹುಡುಕಿತು. ಆಮೇಲೂ ಎಷ್ಟೋ ದಿನ ಮನೆಯಲ್ಲಿ ಫೋನು ರಿಂಗಾದರೆ ಬಾಗಿಲಿಗೆ ಓಡಿ ಕಾದು ನಿಲ್ಲುತ್ತಿತ್ತಂತೆ.

ಇದನ್ನು ಹೇಳುವಾಗ ತಿಮ್ಮಕ್ಕನ ದನಿ ಇಳಿಯುತ್ತದೆ. "ಎಲ್ರೂ ನಗಾಡಿದ್ರು ಸಾ. ನಂಗ್ ಮಾತ್ರ ನಗು ಬರ್ಲಿಲ್ಲ. ಅವ್ರ ನಾಯೀನ ನಾನು ನಂದ್ ಮಾಡ್ಕೊಂಡ್ ಕಳ್ಸಿದ್ದೆ. ಮಂದೇಲಾದ್ರೆ ಹಾಸೋಳೂ ನಾನೇ, ಎತ್ತೋಳೂ ನಾನೇ. ಇಲ್ಲಿ ಹಂಗಲ್ಲ. ಕಳ್ಸೋ ನಾಯೀನ ಸಾಕೋದ್ ಬೇರೆ ಅಂತ ಆವತ್ತು ಗೊತ್ತಾಯ್ತು."

ಅಂದಿನಿಂದ ಅವರ ಕ್ರಮವೇ ಬದಲಾಗಿದೆ. ಕಂಬಳಿ ಹಾಸುವುದೂ, 'ಕಾಯ್ಕೋ' ಅನ್ನುವುದೂ, ಎತ್ತುವುದೂ ನಾಯಿಯ ಯಜಮಾನರೇ. ತಿಮ್ಮಕ್ಕ ದೂರ ನಿಂತು ಹೇಳಿಕೊಡುತ್ತಾರೆ. ಮೊದಲ ವಾರ ರಾಗಿಮುದ್ದೆಯ ತುಣುಕು ಹಾಕಿ ಸ್ನೇಹ ಮಾಡಿಕೊಳ್ಳುತ್ತಾರೆ, ಆಮೇಲೆ ಮುಟ್ಟುವುದಿಲ್ಲ, ಕೊನೆಗೆ ಹೆಸರು ಹಿಡಿದು ಕರೆಯುವುದೂ ಇಲ್ಲ. ಬೆಳಗಿನ ಜಾವ ಅವರು ಬೆಣ್ಣೆಯ ಕಡೆ ಯಾಕೆ ನೋಡುತ್ತಿರಲಿಲ್ಲವೆಂದು ನನಗೆ ಆಗ ಅರ್ಥವಾಯಿತು. "ಕೈ ಸುಮ್ನಿರಲ್ಲ ಸಾ, ಒಂದ್ಸಲ ತಲೆ ಸವರೋಣ ಅನ್ಸುತ್ತೆ. ಅದ್ಕೇ ಎಲೆಅಡಿಕೆ ಹಾಕ್ಕೊಂಡು ಕೂತಿರ್ತೀನಿ" ಎನ್ನುತ್ತಾರೆ.

ತರೀಕೆರೆಯ ಮನೆಯಲ್ಲೇ ಬೆಣ್ಣೆ ಕಂಬಳಿಗೆ ಬೇಗ ಒಗ್ಗಿತು. ಎರಡು ಭಾಗವಾಗಿ ಬಿಚ್ಚುವ ಪೆಟ್ಟಿಗೆಯ ಕೆಳಗಿನ ಅರ್ಧಕ್ಕೆ ಹೋಗಿ ಕೂತಿತು, ಮೇಲಿನ ಅರ್ಧ ಹೊಂದಿಸಿದರೂ ಕೂತಿತು. ಬಾಗಿಲು ಜೋಡಿಸಿದ ದಿನ ಮಾತ್ರ ಹಗ್ಗ ಕಿತ್ತುಕೊಂಡು ಓಡಿತು. ಸ್ಫೂರ್ತಿಯೂ ಕೆಂಚಪ್ಪನೂ ಆಟೋದಲ್ಲಿ ಬೆನ್ನಟ್ಟಿ ತರೀಕೆರೆ ಬಸ್ ನಿಲ್ದಾಣದಲ್ಲಿ ಹಿಡಿದರು. ಸ್ಫೂರ್ತಿ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು. ಬಿಟ್ಟೇ ಹೋಗಬೇಕೇನೋ ಎಂದು ತಾಯಿಗೆ ಫೋನಿನಲ್ಲಿ ಹೇಳಿದ್ದೂ ಆಯಿತು.

ತಿಮ್ಮಕ್ಕ ಆ ಬಾಗಿಲನ್ನು ಬಿಚ್ಚಿಸಿದರು. ಅದನ್ನು ನೆಲದ ಮೇಲೆ ಮಲಗಿಸಿ, "ಇದ್ರ ಮ್ಯಾಲೆ ಹಾಸವ್ವ ಕಂಬ್ಳೀನ. ಬಾಗ್ಲನ್ನೂ ಅದೇ ಕಾಯ್ಲಿ" ಎಂದರು. ಸ್ಫೂರ್ತಿ ಹಾಸಿದಳು. ಬೆಣ್ಣೆ ಕಂಬಳಿಯ ಕೆಳಗಿನ ಸರಳನ್ನು ಮೂಸಿತು, ಸುತ್ತು ಹಾಕಿತು, ಕೊನೆಗೆ ಕೂತಿತು. ದಿನಕ್ಕಿಷ್ಟು ಎಂದು ತಿಮ್ಮಕ್ಕ ಕಂಬಳಿಯನ್ನು ಮಡಿಸುತ್ತ ಬರಲು ಹೇಳಿದರು. ಸರಳು ಹೊರಗೆ ಕಾಣತೊಡಗಿತು. ವಾರ ಕಳೆದ ಮೇಲೆ ಕೆಂಚಪ್ಪ ಬಾಗಿಲನ್ನು ಎತ್ತಿಡಲು ಹೋದರೆ ಬೆಣ್ಣೆ ಅವನಿಗೆ ಹಲ್ಲು ತೋರಿಸಿತು. ಹೆದರಿ ಓಡುತ್ತಿದ್ದ ಬಾಗಿಲನ್ನು ಅದೀಗ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಆವತ್ತು ಕೆಂಚಪ್ಪ ಇಡೀ ಬೀದಿಗೆ ಟೀ ಕುಡಿಸಿದನಂತೆ.

ಹೊರಡುವ ದಿನ ನಾನೂ ಜೊತೆಗಿದ್ದೇನೆ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ತಿಮ್ಮಕ್ಕ ಎಷ್ಟೋ ಸಲ ಬಂದಿದ್ದಾರೆ, ಆದರೆ ಅವರಿಗೆ ಗೊತ್ತಿರುವುದು ಸರಕು ಸಾಗಿಸುವ ಕಡೆಯ ಗೇಟು ಮಾತ್ರ. ಮುಂದಿನ ಬಾಗಿಲು ಹೇಗಿದೆಯೆಂದು ನನ್ನನ್ನೇ ಕೇಳುತ್ತಾರೆ. ಮಲ್ಲಿಕಾಂಬ ಒಮ್ಮೆ ಮಗಳನ್ನು, ಒಮ್ಮೆ ನಾಯಿಯನ್ನು ತಬ್ಬುತ್ತಿದ್ದಾರೆ. ಕೊನೆಯ ಪರೀಕ್ಷೆ ಈಗ: ತಪಾಸಣೆಗೆಂದು ಬೆಣ್ಣೆಯನ್ನು ಹೊರಗೆ ತೆಗೆದು, ಖಾಲಿ ಪೆಟ್ಟಿಗೆಯನ್ನು ಒಳಗೆ ಒಯ್ದಿದ್ದಾರೆ. ಅದು ವಾಪಸ್ ಬಂದಾಗ ಈ ಗದ್ದಲದಲ್ಲಿ, ಗೊತ್ತಿಲ್ಲದ ಜನರ ನಡುವೆ, ಬೆಣ್ಣೆ ತಾನಾಗಿಯೇ ಮತ್ತೆ ಒಳಗೆ ಹೋಗಬೇಕು. ತಿಮ್ಮಕ್ಕ ಸರಸರ ನಡೆದು ಲಾರಿಯೊಂದರ ಮರೆಗೆ ನಿಲ್ಲುತ್ತಾರೆ.

ಸ್ಫೂರ್ತಿ ಮಂಡಿಯೂರಿ ಕಂಬಳಿ ಹಾಸುತ್ತಾಳೆ. "ಕಾಯ್ಕೋ ಬೆಣ್ಣೆ." ಬೆಣ್ಣೆ ಸರಕಿನ ಗಾಡಿಗಳನ್ನು ನೋಡುತ್ತದೆ, ಸಮವಸ್ತ್ರದವರನ್ನು ನೋಡುತ್ತದೆ, ನನ್ನನ್ನೂ ನೋಡುತ್ತದೆ. ಹೋಗೇ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ. ಅದು ಬಾಲ ಒಮ್ಮೆ ಆಡಿಸಿ, ಒಳಗೆ ಹೋಗಿ, ಒಂದು ಸುತ್ತು ತಿರುಗಿ ಕೂರುತ್ತದೆ. ಬಾಗಿಲು ಮುಚ್ಚಿದರೂ ಮಿಸುಕಾಡುವುದಿಲ್ಲ. ನಾಯಿ ಎಂದರೆ ದೂರ ಓಡುವ ನಾನು ಅಲ್ಲಿದ್ದ ಗೊತ್ತಿಲ್ಲದ ಕೂಲಿಯವನ ಕೈ ಹಿಡಿದು ಕುಲುಕಿಬಿಡುತ್ತೇನೆ.

ಮಾರನೆಯ ದಿನ ಕಡೂರಿನ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗವಿಲ್ಲ. ಮಲ್ಲಿಕಾಂಬ ಅಂಗಡಿ ಮುಚ್ಚಿ ಬಂದಿದ್ದಾರೆ, ಎಮ್ಮೆಯ ಔಷಧಿಗೆ ಬಂದವರೂ ನಿಂತಿದ್ದಾರೆ. ಡಾಕ್ಟರ ಫೋನಿನಲ್ಲಿ ಜರ್ಮನಿಯಿಂದ ವಿಡಿಯೋ ಕರೆ. ಪೆಟ್ಟಿಗೆಯ ಬಾಗಿಲು ತೆರೆದಿದೆ, ಬೆಣ್ಣೆ ಒಳಗೇ ಕೂತಿದೆ. ಅಲ್ಲಿನ ನೌಕರನೊಬ್ಬ ತನ್ನ ಭಾಷೆಯಲ್ಲಿ ಪುಸಲಾಯಿಸುತ್ತಿದ್ದಾನೆ, ಅದು ಕ್ಯಾರೇ ಅನ್ನುತ್ತಿಲ್ಲ. ಸ್ಫೂರ್ತಿ ಬಗ್ಗಿ ಕಂಬಳಿಯ ತುದಿ ಹಿಡಿದು ಎತ್ತುತ್ತಾಳೆ. ಬೆಣ್ಣೆ ಎದ್ದು ಬಂದು, ಮೈ ಕೊಡವಿ, ಎರಡೂ ಮುಂಗಾಲನ್ನು ಅವಳ ಭುಜದ ಮೇಲಿಟ್ಟು ಮುಖ ನೆಕ್ಕತೊಡಗುತ್ತದೆ.

ಕ್ಲಿನಿಕ್ಕಿನಲ್ಲಿ ಹೋ ಎಂದು ಗದ್ದಲ. ಡಾಕ್ಟರು ಫೋನನ್ನು ತಿಮ್ಮಕ್ಕನ ಕಡೆ ತಿರುಗಿಸುತ್ತಾರೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಾರೆ. ಕಣ್ಣು ತುಂಬಿದೆ. "ಒಂದ್ಸಲ ಬೆಣ್ಣೆ ಅನ್ನಿ ತಿಮ್ಮಕ್ಕ, ನಿಮ್ಮ ದನಿ ಕೇಳ್ಲಿ" ಎಂದು ಮಲ್ಲಿಕಾಂಬ ತೋಳು ಹಿಡಿದು ಎಳೆಯುತ್ತಾರೆ. ತಿಮ್ಮಕ್ಕ ಆಗದೆಂದು ತಲೆಯಾಡಿಸುತ್ತಾರೆ. ಕರೆ ಮುಗಿದು, ಫೋನು ಡಾಕ್ಟರ ಜೇಬು ಸೇರಿದ ಮೇಲೆಯೇ ಸೆರಗು ಕೆಳಗಿಳಿಯುತ್ತದೆ.

"ನಾನ್ ಕರೆದ್ರೆ ಅದು ನನ್ನ ಹುಡುಕುತ್ತೆ ಅಮ್ಮಾವ್ರೇ. ನಿಮ್ ಮಗ್ಳು ಅಲ್ಲಿ ಒಬ್ಳೇ ಅವ್ಳೆ. ಅವ್ಳನ್ನ ಕಾಯ್ಲಿ."