ಅವ್ವನ ತೂಕದ ಹಾಳೆ, ಇಬ್ಬರು ಡಾಕ್ಟರರು

ಜೂನ್ ೯, ಸೋಮವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಸಾಂಗ್ಲಿಯ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ಅವ್ವ ತಲೆ ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕರೆದು, ನನ್ನ ಬೆರಳನ್ನು ತನ್ನ ಎಡ ಕೊರಳೆಲುಬಿನ ಮೇಲೆ ಇಟ್ಟುಕೊಂಡು, "ಇಲ್ಲೆ ಏನರ ಹತ್ತತೈತೇನು ನೋಡು" ಎಂದಳು. ಹುಣಸೆ ಬೀಜದಷ್ಟು ಗಂಟು. ಮೂರು ವರ್ಷಗಳ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಷನ್, ಆರು ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ಓಣಿಗೆಲ್ಲ ಪೇಢೆ ಹಂಚಿದ್ದವರು ನಾವು.

"ಏನೂ ಇಲ್ಲ" ಎಂದೆ.

"ಸುಳ್ಳ ಹೇಳಾಕ ಬರಂಗಿಲ್ಲ ನಿನಗ" ಎಂದು ಅವ್ವ ಸೀರೆ ಬದಲಿಸಿ ಬಸದಿಗೆ ಹೋದಳು. ದಿನಕ್ಕಿಂತ ನಲವತ್ತು ನಿಮಿಷ ತಡವಾಗಿ ಬಂದಳು. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ. ಯಾಕೆ ತಡವಾಯಿತೆಂದು ಮಾತ್ರ ಕೇಳಲಿಲ್ಲ.

ಎಲ್ಲವನ್ನೂ ಬರೆದಿಡುವುದು ನನಗೆ ಕಾಲೇಜಿನಿಂದ ಹತ್ತಿದ ಚಟ. ಜ್ವರ, ನಿದ್ದೆ, ಗುಳಿಗೆ ನುಂಗಿದ ಹೊತ್ತು, ಮನೆಗೆ ಬಂದ ಹಾಲು, ಎಲ್ಲಕ್ಕೂ ಒಂದೊಂದು ಸಾಲು. ಅವ್ವ ಅಪ್ಪನ ಮುಂದೆ ನಗುತ್ತಿದ್ದಳು: "ಸರಕಾರದವ್ರು ಜನಗಣತಿಗೆ ನಮ್ಮಾಕಿನ್ನ ಒಯ್ದ್ರ ಮಾಸ್ತರಮಂದಿಗೆ ಸೂಟಿ ಸಿಗತಿತ್ತು." ಜೂನ್ ೧೫ರಿಂದ ಪ್ರತಿ ಭಾನುವಾರ ಬೆಳಗ್ಗೆ, ಸ್ನಾನದ ಮೊದಲು, ಅದೇ ಸೀರೆಯಲ್ಲಿ ಅವಳ ತೂಕ ನೋಡತೊಡಗಿದೆ. ೫೪.೨. ೫೩.೪. ೫೨.೩. ೫೧.೫. ೫೦.೬.

ಅಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಕೊರಳಿನ ಗಂಟಲ್ಲದೆ ಶ್ವಾಸಕೋಶದಲ್ಲಿ ಮೂರು ಚುಕ್ಕೆ. ಗಂಟಿನ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ್ದರು, ವರದಿ ಬರಬೇಕಿತ್ತು. ಅವ್ವನಿಗೆ ಮೊದಲು ಆಪರೇಷನ್ ಮಾಡಿದ ಮಿರಜಿನ ಡಾಕ್ಟರರು ನನ್ನ ಹಾಳೆಯನ್ನು ಎರಡು ಸಲ ಓದಿದರು. ಅಥಣಿ, ಕಾಗವಾಡ ಕಡೆಯ ರೋಗಿಗಳನ್ನು ನೋಡಿ ನೋಡಿ ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. "ತಿಂಗಳದಾಗ ಮೂರೂವರಿ ಕಿಲೋ ಇಳದೈತಿ. ರೋಗ ಜೋರ್ ಮಾಡೈತಿ. ತಡಾ ಮಾಡಬ್ಯಾಡ್ರಿ, ಕೀಮೋ ಚಾಲೂ ಮಾಡೂಣು" ಎಂದರು.

ಮರುದಿನ ಅಪ್ಪ ಸಾಂಗ್ಲಿಯ ಇನ್ನೊಬ್ಬ ಡಾಕ್ಟರರ ಹತ್ತಿರ ಕರೆದೊಯ್ದ. ಅವರೂ ಅದೇ ಹಾಳೆಯನ್ನೇ ನೋಡಿ ಮರಾಠಿಯಲ್ಲಿ ಹೇಳಿದ್ದು ಇದು: ಇಷ್ಟು ತೂಕ ಕಳೆದುಕೊಂಡ ದೇಹ ಕೀಮೋ ತಾಳಲಾರದು; ದಿನಕ್ಕೊಂದು ಹಾರ್ಮೋನ್ ಗುಳಿಗೆ ಕೊಡೋಣ, ಇದ್ದಷ್ಟು ದಿನ ನೆಮ್ಮದಿಯಾಗಿರಲಿ.

ಇದ್ದಷ್ಟು ದಿನ. ಆ ಮಾತನ್ನು ಡೈರಿಯಲ್ಲಿ ಬರೆಯಲು ನನ್ನಿಂದ ಆಗಲಿಲ್ಲ. ಆ ದಿನದ ಪುಟದಲ್ಲಿ ಹಾಲಿನ ಲೆಕ್ಕ, ಬಸ್ಸು ಹೊರಟ ಹೊತ್ತು ಮಾತ್ರ ಇವೆ.

ಜುಲೈ ೧೬ರಂದು ಬುಧಗಾಂವದಿಂದ ಮಾವಶಿ, ಅವ್ವನ ತಂಗಿ, ಪೇಢೆಯ ಡಬ್ಬಿ ಹಿಡಿದು ಬಂದಳು. ಒಂದನ್ನು ಅವ್ವನ ಕೈಗಿಟ್ಟಳು. ಅವ್ವ ಅದನ್ನು ಹಾಗೆಯೇ ಅಪ್ಪನ ತಾಟಿಗೆ ದಾಟಿಸಿದಳು. ಮಾವಶಿ ಡಬ್ಬಿ ಮುಚ್ಚಿದಳು.

"ಅಕ್ಕಾ, ಏನೇನ್ ಬಿಟ್ಟೀ?"

ಅವ್ವ ಡಬ್ಬಿಯನ್ನು ಮಾವಶಿಯ ಕಡೆಗೆ ಸರಿಸಿದಳು.

"ನಿನ್ನಽ ಕೇಳಾಕತ್ತೇನಿ. ಯಾವ್ಯಾವ ರಸ ಬಿಟ್ಟೀ?"

"ಹಾಲು. ತುಪ್ಪ. ಸಿಹಿ."

"ಎಂದ?"

"ಗಂಟ ಹತ್ತಿದ ದಿನ. ಬಸದಿಯೊಳಗ."

ನಮ್ಮ ಜೈನರ ಮನೆಗಳಲ್ಲಿ ಇದು ಹೊಸದಲ್ಲ. ಏನಾದರೂ ದೊಡ್ಡದು ಬೇಡಿಕೊಳ್ಳುವಾಗ ಹೆಂಗಸರು ಹಾಲು, ತುಪ್ಪ, ಎಣ್ಣೆ, ಉಪ್ಪಿನಂಥ ರಸಗಳಲ್ಲಿ ಒಂದೊಂದನ್ನು ತ್ಯಜಿಸಿ ನಿಯಮ ಹಿಡಿಯುತ್ತಾರೆ, ಯಾರಿಗೂ ಹೇಳುವುದಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಅವ್ವ ತಾಟಿನಲ್ಲಿ ಏನು ಬಡಿಸಿಕೊಂಡಳೆಂದು ನಾವು ಯಾರೂ ನೋಡುತ್ತಿರಲಿಲ್ಲ. ನಾನು ಎದ್ದು ಡೈರಿ ತೆಗೆದೆ. ಜೂನ್ ೧೦ರಿಂದ ಹಾಲಿನ ಸಾಲಿನಲ್ಲಿ ಒಂದೂವರೆ ಲೀಟರ್ ಹೋಗಿ ಒಂದು ಲೀಟರ್ ಆಗಿತ್ತು. ಮೂವತ್ತೇಳು ದಿನ ನನ್ನ ಕೈಯಿಂದಲೇ ಅದನ್ನು ಬರೆದಿದ್ದೆ. ಅದರ ಮೇಲಿನ ಸಾಲಿನಲ್ಲೇ ತೂಕ ಇಳಿಯುತ್ತಿತ್ತು. ಎರಡನ್ನೂ ಕೂಡಿಸಿ ನೋಡಲಿಲ್ಲ. ಮಾವಶಿಗೆ ಒಂದು ಪೇಢೆ ಸಾಕಾಯಿತು.

"ಡಾಕ್ಟರ್‌ಗಾದ್ರೂ ಹೇಳಬೇಕಿಲ್ಲಽ ಅವ್ವಾ!" ಎಂದು ನಾನು ಕೂಗಾಡಿದೆ. ಅವಳ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು.

"ಹೋದ ಸಲಾನೂ ಹಿಂಗಽ ಬಿಟ್ಟಿದ್ದೆ. ಆರಾಮ ಆತು. ನೀವೆಲ್ಲ ಕೀಮೋದಿಂದ ಆತು ಅಂದ್ರಿ, ನಾ ಹೂಂ ಅಂದೆ."

ಇಬ್ಬರು ಡಾಕ್ಟರರಿಗೂ ಫೋನ್ ಮಾಡಿದೆ. ಇಬ್ಬರೂ ಮೊದಲ ಸಲ ಒಂದೇ ಮಾತು ಹೇಳಿದರು: ಗಂಟಿನ ವರದಿ ಬರುವವರೆಗೆ ಚೆನ್ನಾಗಿ ತಿನ್ನಿಸಿ, ತೂಕ ನೋಡಿ. ಆದರೆ ಹಿಡಿದ ನಿಯಮವನ್ನು ಅವ್ವ ತಾನಾಗಿ ಮುರಿಯುವವಳಲ್ಲ. ಸಮಡೋಳಿಯಲ್ಲಿ ಚಾತುರ್ಮಾಸಕ್ಕೆ ಮುನಿ ಮಹಾರಾಜರು ಇದ್ದರು. ಮರುದಿನ ಮಳೆಯಲ್ಲೇ ಅಪ್ಪ, ಅವ್ವ, ನಾನು ಮೂವರೂ ಹೋದೆವು. ಮಹಾರಾಜರು ಎಲ್ಲ ಕೇಳಿಸಿಕೊಂಡು, "ನಿಯಮ ಯಾರ ಕಡೆ ತಗೊಂಡಿ?" ಎಂದರು.

"ನಾನಽ ಭಗವಂತರ ಮುಂದ ತಗೊಂಡೀನ್ರಿ ಮಹಾರಾಜ್."

"ಬ್ಯಾನಿ ಇದ್ದಾಗ ಹಾಲು ಬಿಡು ಅಂತ ಭಗವಂತರು ಹೇಳಿಲ್ಲವ್ವಾ. ಇಷ್ಟ ದಿನದ್ದು ಸಾಕು. ಬದಲಿಗಿ ದಿನಾ ಒಂದು ಮಾಲಾ ಜಪ ಮಾಡು. ಇವತ್ತಽ ಹಾಲು ತಗೋ."

ಮನೆಗೆ ಬಂದು ಅವ್ವ ನಿಂತುಕೊಂಡೇ ಹಾಲು ಕುಡಿದಳು. ಲೋಟದಿಂದ ಬಾಯಿ ತೆಗೆಯದೆ ಅಳುತ್ತಿದ್ದಳು. ಅಪ್ಪ ಹೊರಗೆ ಹೋಗಿ ಗಾಡಿ ಒರೆಸುತ್ತ ನಿಂತ. ಮಳೆ ನಿಂತಿರಲಿಲ್ಲ. ನನಗೆ ಒಳಗೊಳಗೇ ಸಂತೋಷವಾಗಿತ್ತು. ಅದನ್ನು ಈಗ ಒಪ್ಪಿಕೊಳ್ಳಬೇಕು. ತೂಕ ಇಳಿದದ್ದಕ್ಕೆ ಕಾರಣ ಸಿಕ್ಕಿತ್ತು. ಅದು ರೋಗವಲ್ಲ, ನಿಯಮ ಎಂದು ಗೆಳತಿಗೂ ಹೇಳಿದ್ದೆ.

ದಿನಕ್ಕೆ ಮೂರು ಲೋಟ ಹಾಲು, ಚಪಾತಿಗೆ ತುಪ್ಪ, ಮಧ್ಯಾಹ್ನ ಬೆಲ್ಲ ಶೇಂಗಾ. ಒಂದನ್ನೂ ಬಿಡದೆ ತಿಂದಳು.

ಜುಲೈ ೨೦: ೫೦.೧. ಜುಲೈ ೨೭: ೪೯.೮. ಆಗಸ್ಟ್ ೩, ನಿನ್ನೆ: ೪೯.೧.

ನಿನ್ನೆ ನಾನು ತಕ್ಕಡಿಯನ್ನು ಬೇರೆ ಕಡೆ ಸರಿಸಿ ಇನ್ನೊಮ್ಮೆ ನಿಲ್ಲಿಸಿದೆ. ಅಡುಗೆಮನೆಯ ಕಲ್ಲಿನ ಮೇಲೆ ಇಟ್ಟು ಮತ್ತೊಮ್ಮೆ. ಮೂರನೆಯ ಸಲಕ್ಕೆ ಅವ್ವ ನನ್ನ ಹೆಗಲು ಹಿಡಿದು ಇಳಿದಳು. "ತಕ್ಕಡಿ ಏನ್ ಮಾಡೀತು ಪಾಪ. ಬಿಟ್ಟಾಗೂ ಇಳೀತು, ಕುಡದಾಗೂ ಇಳೀತು. ಬರದಬಿಡು ಮಗಳ." ನಿಯಮ ಮುರಿಸಿದಿರಿ ಎಂದು ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗಂಟಿನ ವರದಿಯೂ ಬಂದಿದೆ. ರೋಗ ಹಾರ್ಮೋನ್ ಗುಳಿಗೆಗೆ ಬಗ್ಗಬಹುದು, ಬಗ್ಗದಿರಲೂಬಹುದು. ಮಿರಜಿನವರು ಇವತ್ತಿಗೂ ಕೀಮೋ ಎನ್ನುತ್ತಾರೆ, ಸಾಂಗ್ಲಿಯವರು ಗುಳಿಗೆ ಎನ್ನುತ್ತಾರೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಅವಸರ ಮಾಡದೆ ವಿವರಿಸಿದರು. ಗುರುವಾರ ಒಂದನ್ನು ಹೇಳಬೇಕು. ಅಪ್ಪ ಅವ್ವನನ್ನು ಕೇಳಿದ. ಅವ್ವ, "ಆಕಿ ಬರದಾಳಲ್ಲ ಎಲ್ಲಾ, ಆಕಿನ್ನ ಕೇಳ್ರಿ" ಎಂದಳು.

ನನ್ನ ಹತ್ತಿರ ಎರಡು ತಿಂಗಳ ಪುಟಗಳಿವೆ, ಉತ್ತರವಿಲ್ಲ. ನಿಮ್ಮ ಮನೆಯಲ್ಲೂ ಈ ರೋಗ ತಿರುಗಿ ಬಂದಿದ್ದರೆ, ಇಬ್ಬರು ಡಾಕ್ಟರರು ಎರಡು ದಾರಿ ತೋರಿಸಿದ್ದರೆ, ನೀವು ಯಾವುದನ್ನು ಹಿಡಿದಿರಿ ಎಂಬುದಕ್ಕಿಂತ ಆಮೇಲೆ ನಿಮ್ಮವರು ಹೇಗೆ ಊಟ ಮಾಡಿದರು, ಹೇಗೆ ಮಲಗಿದರು, ಡಾಕ್ಟರರನ್ನು ಏನು ಕೇಳದೆ ಬಿಟ್ಟಿರಿ ಎಂದು ತಿಳಿಸಿ. ಈ ಪತ್ರಿಕೆಗೆ ಬರೆದರೆ ನನಗೆ ಮುಟ್ಟುತ್ತದೆ. ಗುರುವಾರ ದಾಟಿದ ಮೇಲೆ ಓದಿದವರೂ ಬರೆಯಿರಿ.