ತೆರೆದಿದ್ದಾರೆ ಎಂಬ ಹಸಿರು ಗುರುತು

ಬೆಲ್ಲ ಮಾರುವವರಿಗೆ ಕಂಪ್ಯೂಟರ್ ಯಾಕೆ ಬೇಕು ಎಂದು ಕೇಳುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಮಂಡ್ಯದಲ್ಲಿ ಒಂದು ಹಳೆಯ ಗೋಡೌನಿನ ಮಹಡಿಯ ಮೇಲೆ ನಮ್ಮ ಆಫೀಸು. ಸುತ್ತಲಿನ ಆಲೆಮನೆಗಳಿಂದ ಬೆಲ್ಲ ಕೊಂಡು ಬೆಂಗಳೂರು, ಮೈಸೂರಿನ ಅಂಗಡಿಗಳಿಗೂ ಮನೆಗಳಿಗೂ ಕಳಿಸುವುದು ನಮ್ಮ ವ್ಯಾಪಾರ. ಹಬ್ಬಕ್ಕೆ ಮುಂಚೆ ಗಿರಾಕಿಗಳಿಗೆಲ್ಲ ಒಟ್ಟಿಗೆ ಇಮೇಲ್ ಕಳಿಸುವುದು, ಅದನ್ನು ಯಾರು ತೆರೆದರು, ಯಾರು ತೆರೆಯಲಿಲ್ಲ ಎಂದು ನೋಡುವುದು ನನ್ನ ಕೆಲಸ. ಅದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಮೂಲೆಯ ಕಂಪ್ಯೂಟರಿನಲ್ಲಿ ಮಾತ್ರ ಇರುವುದರಿಂದ ಆ ಮೂಲೆ ನನ್ನದಾಯಿತು.

ಅದು ಕೆಲಸ ಮಾಡುವ ರೀತಿ ಬಹಳ ಸುಲಭ. ನಾವು ಕಳಿಸುವ ಪ್ರತಿ ಇಮೇಲಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರವೊಂದನ್ನು ಅದು ಸೇರಿಸಿಬಿಡುತ್ತದೆ. ಆ ಕಡೆಯವರು ಮೇಲ್ ತೆರೆದರೆ ಚಿತ್ರಕ್ಕಾಗಿ ನಮ್ಮ ಕಡೆಗೆ ಕೇಳಿಕೆ ಬರುತ್ತದೆ. ಕೂಡಲೇ ನನ್ನ ಪರದೆಯ ಮೇಲೆ ಅವರ ವಿಳಾಸದ ಮುಂದೆ ಒಂದು ಹಸಿರು ಗುರುತು ಮೂಡುತ್ತದೆ. ತೆರೆದಿದ್ದಾರೆ ಎಂದರ್ಥ. ಮೊದಮೊದಲು ಇದು ಕದ್ದು ನೋಡಿದ ಹಾಗಲ್ಲವೇ ಎಂದು ನನಗೆ ಮುಜುಗರವಾಗುತ್ತಿತ್ತು. ಆಮೇಲೆ ರೂಢಿಯಾಯಿತು. ರೂಢಿಯಾದ ಮೇಲೆ ಚಟವೇ ಆಯಿತು. ಆ ವರ್ಷ ಇದ್ದಕ್ಕಿದ್ದಂತೆ ಹಸಿರು ಗುರುತುಗಳು ಹೆಚ್ಚಾದಾಗ ನಮ್ಮ ಮ್ಯಾನೇಜರು ಕುಣಿದಾಡುವುದೊಂದು ಬಾಕಿ. ಎಲ್ಲರಿಗೂ ವಡೆ ತರಿಸಿ, ನಾನು ಬರೆಯುವ ಶೈಲಿ ಪಳಗಿದೆ ಎಂದು ಹೊಗಳಿದರು. ನಾನೂ ನಂಬಿದೆ. ಹೊಗಳಿದರೆ ಯಾರು ತಾನೇ ನಂಬುವುದಿಲ್ಲ?

ಎಲ್ಲರಿಗೂ ಕಳಿಸುವ ಮೊದಲು ಪರೀಕ್ಷೆಗೆಂದು ಎರಡು ವಿಳಾಸಗಳಿಗೆ ಕಳಿಸಿ ನೋಡುವುದು ನನ್ನ ಪದ್ಧತಿ. ಒಂದು, ಆಫೀಸಿನ ಹಳೆಯ ಫೋನಿನಲ್ಲಿದ್ದ ವಿಳಾಸ. ಇನ್ನೊಂದು ನನ್ನ ತಂಗಿಯದು. ಅವಳು ಮದ್ದೂರಿನ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ಕೊಟ್ಟ ಮನೆ ಕೊತ್ತತ್ತಿಯಿಂದಾಚೆ. ಮಕ್ಕಳ ಕಾಪಿ ಪುಸ್ತಕ ತಿದ್ದಿ ತಿದ್ದಿ ಅವಳಿಗೆ ಯಾವ ಬರಹ ಕಂಡರೂ ಕೈ ತುರಿಸುತ್ತದೆ. ನನ್ನ ಮೇಲ್ ನೋಡಿದ ತಕ್ಷಣ ಫೋನು ಮಾಡುವಳು. "ಬೆಲ್ಲ ಮಾರ್ತಿದೀಯೋ, ಮದುವೆ ಮಾಡ್ತಿದೀಯೋ? ಏಟೊಂದು ಹೂವು ಬಳ್ಳಿ ಹಾಕಿದೀಯಲ್ಲಕ್ಕ!" ಎನ್ನುವಳು. ನನಗೆ ಕೋಪ ಬರುತ್ತಿತ್ತು. ಆದರೂ ಅವಳು ಹೇಳಿದ್ದನ್ನೇ ತಿದ್ದುತ್ತಿದ್ದೆ.

ಅವಳ ವಿಷಯದಲ್ಲಿ ನನಗಿದ್ದ ಒಂದೇ ಹೆದರಿಕೆ ನಾಲೆ. ಶಾಲೆಯಿಂದ ಮನೆಗೆ ಬಳಸು ದಾರಿ ತಪ್ಪಲೆಂದು ಅವಳು ಉಪನಾಲೆಯ ಏರಿಯ ಮೇಲೆ ಸ್ಕೂಟಿ ಓಡಿಸುತ್ತಿದ್ದಳು. ಮಳೆ ಬಿದ್ದರೆ ಆ ಏರಿಯ ಮಣ್ಣು ಎಣ್ಣೆ ಸುರಿದಂತೆ ಜಾರುತ್ತದೆ. ತಡೆಗೋಡೆ ಇಲ್ಲ, ಕಲ್ಲೂ ಇಲ್ಲ. ನಮ್ಮ ತವರು ಮಳವಳ್ಳಿ. ಚಿಕ್ಕಂದಿನಲ್ಲಿ ಅಲ್ಲಿನ ನಾಲೆಯಿಂದ ಒಬ್ಬರನ್ನು ಎತ್ತಿದ್ದನ್ನು ನಾನು ನೋಡಿದ್ದೆ. ಅಂದಿನಿಂದ ನೀರು ತುಂಬಿ ಹರಿಯುವ ನಾಲೆಯನ್ನು ಕಂಡರೆ ನನ್ನ ಕಾಲು ಹಿಂದಕ್ಕೇ ಹೋಗುತ್ತದೆ. ಎಷ್ಟು ಹೇಳಿದರೂ ಅವಳು ಕೇಳಲಿಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಮಧ್ಯಾಹ್ನ ಮಳೆ ಹೊಡೆದು ನಿಂತಿತ್ತು. ಸಂಜೆ ಹಬ್ಬದ ಮೇಲ್ ಸಿದ್ಧಮಾಡಿ ಪರೀಕ್ಷೆಗೆ ಕಳಿಸಿದೆ. ಹಸಿರು ಗುರುತು ಬಂತು, ತಂಗಿಯ ಫೋನು ಬರಲಿಲ್ಲ. ಮನೆಗೆ ಹೋಗಿ ಮಾಡುತ್ತಾಳೆ ಎಂದುಕೊಂಡೆ. ಕತ್ತಲಾಗುವ ಹೊತ್ತಿಗೆ ಫೋನು ಬಂತು, ಅವಳದಲ್ಲ, ಅವಳ ಗಂಡನದು.

"ಅಕ್ಕ, ಇವ್ಳು ಇನ್ನೂ ಬಂದಿಲ್ಲ. ನಿಮ್ತಾವೇನಾದ್ರೂ ಬಂದವ್ಳಾ?"

"ಇಲ್ವಲ್ಲ. ಫೋನ್ ಮಾಡಿದ್ರಾ?"

"ಸ್ವಿಚ್ ಆಫ್ ಅಂತದೆ. ಏರಿ ಮ್ಯಾಲೆ ಯಾವ್ದೋ ಗಾಡಿ ಜಾರಿರೋ ಗುರ್ತು ಅದೆ ಅಂತವ್ರೆ ಜನ. ಎತ್ತಿನ್ ಗಾಡಿದೋ ಏನೋ, ಗೊತ್ತಾಯ್ತಿಲ್ಲ. ನೀರುಗಂಟಿಗೆ ಏಳಿ ತೂಬು ಇಳ್ಸಿವ್ನಿ. ನೀರ್ ಕಮ್ಮಿ ಆದ್ರೆ ಇಳ್ದು ನೋಡ್ತೀವಿ."

ನೀರುಗಂಟಿ ಎಂದರೆ ನಾಲೆಯ ನೀರನ್ನು ಗದ್ದೆಗಳಿಗೆ ಸರದಿಯ ಮೇಲೆ ಬಿಡುವವನು. ಅವನು ತೂಬಿನ ಹಲಗೆಯನ್ನು ಇಳಿಸಿದರೆ ಉಪನಾಲೆಯ ನೀರು ನಿಧಾನವಾಗಿ ತಗ್ಗುತ್ತದೆ. ಅವತ್ತು ಸರದಿ ಕೊನೇ ಭಾಗದ ಗದ್ದೆಯವರದು. ಎಷ್ಟೋ ದಿನ ಕಾದು ಸಿಕ್ಕ ಸರದಿ. ಅವರು ಆಗಲೇ ಅಲ್ಲಿ ನಿಂತು ಗೊಣಗುತ್ತಿದ್ದುದು ಫೋನಿನಲ್ಲೇ ಕೇಳಿಸುತ್ತಿತ್ತು.

ಫೋನಿಟ್ಟು ತಂಗಿಗೆ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಅದೇ. ಏನು ಮಾಡಬೇಕೆಂದು ತೋಚದೆ ಎದುರಿಗಿದ್ದ ಸಾಫ್ಟ್‌ವೇರಿನಲ್ಲೇ "ಎಲ್ಲಿದ್ದೀಯೇ? ಕೂಡಲೇ ಫೋನ್ ಮಾಡು" ಎಂದು ಬರೆದು ಪರೀಕ್ಷೆಯ ವಿಳಾಸಗಳಿಗೆ ಒತ್ತಿಬಿಟ್ಟೆ. ಬೇರೆ ಬಗೆಯಲ್ಲಿ ಮೇಲ್ ಕಳಿಸುವುದನ್ನೇ ನನ್ನ ಕೈ ಮರೆತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ತಂಗಿಯ ವಿಳಾಸದ ಮುಂದೆ ಹಸಿರು ಗುರುತು ಮೂಡಿತು.

ತೆರೆದಿದ್ದಾಳೆ! ನಾನು ಕುರ್ಚಿಯಿಂದ ಎದ್ದೇ ನಿಂತೆ. ಬದುಕಿದ್ದಾಳೆ, ಎಲ್ಲೋ ಕೂತು ಮೊಬೈಲ್ ನೋಡುತ್ತಿದ್ದಾಳೆ. ಒಂದು ಕ್ಷಣ ಅಳು ಬಂತು. ಮರುಕ್ಷಣ ಮೈಯೆಲ್ಲ ಉರಿಯಿತು. ನನ್ನ ಮೇಲ್ ನೋಡಿಯೂ ಫೋನು ಮಾಡುತ್ತಿಲ್ಲ! ಊರೆಲ್ಲ ನಾಲೆಯ ಹತ್ತಿರ ನಿಂತಿದೆ, ಇವಳಿಗೆ ಕೊಬ್ಬು!

ಅವಳ ಗಂಡನಿಗೆ ಫೋನು ಮಾಡಿ ಕೇಳಿದೆ. "ಬೆಳಿಗ್ಗೆ ಏನಾದ್ರೂ ಜಗಳ ಆಡುದ್ರಾ?"

ಅವನು ತಡವರಿಸಿದ. "ಅಂತಾದ್ದೇನಿಲ್ಲ ಕಣಕ್ಕ. ಅಬ್ಬುಕ್ಕೆ ತವರ್ಗೆ ಓಯ್ತೀನಿ ಅಂದ್ಲು. ಈ ಸಲ ಬೇಡ ಬುಡು ಅಂದೆ. ಮಕ ಊದುಸ್ಕಂಡು ಓದ್ಲು."

"ಸರಿ ಹಂಗಾದ್ರೆ. ಮುನಿಸ್ಕೊಂಡು ಮಳವಳ್ಳಿ ಬಸ್ ಹತ್ತಿದಾಳೆ. ಫೋನ್ ಆಫ್ ಅಂತ ತೋರ್ಸೋದೆಲ್ಲ ನಾಟ್ಕ. ಈಗ ತಾನೇ ನನ್ನ ಮೇಲ್ ತೆಗ್ದು ನೋಡಿದಾಳೆ. ನನ್ನ ಕಣ್ಣಾರೆ ಕಂಡೆ."

"ದಿಟವಾ ಅಕ್ಕ?"

"ದಿಟ. ಕಂಪ್ಯೂಟರ್ ತೋರ್ಸ್ತಾ ಇದೆ."

ಗಂಡನ ಮೇಲೆ ಮುನಿದು ಹೇಳದೆ ಕೇಳದೆ ತವರಿಗೆ ಹೋಗುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ನಾನೇ ಹೋಗಿದ್ದೇನೆ. ಮಾರನೇ ದಿನ ಗಂಡ ಬಂದು, ಊಟ ಮಾಡಿ, ಕರೆದುಕೊಂಡು ಹೋಗುತ್ತಾನೆ. ಆದ್ದರಿಂದ ಅವನು ಒಂದಿಷ್ಟೂ ಅನುಮಾನ ಪಡಲಿಲ್ಲ. ಊರಿನವರ ಎದುರಿಗೆ ಮಾನ ಹೋಯಿತೆಂಬ ನಾಚಿಕೆಯಷ್ಟೇ ಅವನ ದನಿಯಲ್ಲಿತ್ತು. "ಇವ್ಳು ತವರ್ಗೋಗವ್ಳಂತೆ, ಬುಡ್ರಪ್ಪ ನೀರ" ಎಂದು ಅವನು ಕೂಗಿದ್ದು, ಯಾರೋ ನಕ್ಕದ್ದು, ಎರಡೂ ನನಗೆ ಕೇಳಿಸಿದವು. ಅವ್ವನಿಗೆ ಈಗಲೇ ಫೋನು ಮಾಡಿ ಗಾಬರಿಪಡಿಸುವುದು ಬೇಡ, ಬಸ್ಸು ಇನ್ನೂ ದಾರಿಯಲ್ಲಿರುತ್ತದೆ ಎಂದು ನಾನೇ ಹೇಳಿದೆ.

ಮ್ಯಾನೇಜರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಸದ್ಯ, ದೇವ್ರು ದೊಡ್ಡೋನು ಕಣಮ್ಮ" ಎಂದು ಕಂಪ್ಯೂಟರಿಗೆ ಕೈ ಮುಗಿಯುವಂತೆ ನಿಂತರು.

ನಾನು ಕೂತು ಪರದೆ ನೋಡುತ್ತಿದ್ದೆ. ಫೋನು ಬಂದ ಕೂಡಲೇ ಅವಳನ್ನು ಹೇಗೆ ಬಯ್ಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಆಗ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಪರೀಕ್ಷೆಯ ಎರಡನೇ ವಿಳಾಸ, ಆಫೀಸಿನ ಹಳೆಯ ಫೋನಿನದು. ಅದರ ಮುಂದೆಯೂ ಹಸಿರು ಗುರುತು ಇತ್ತು.

ಆ ಫೋನು ನನ್ನ ಮೇಜಿನ ಡ್ರಾಯರಿನಲ್ಲೇ ಇರುತ್ತಿತ್ತು. ಡ್ರಾಯರ್ ಎಳೆದೆ. ರಬ್ಬರ್ ಬ್ಯಾಂಡುಗಳ ಅಡಿಯಲ್ಲಿ ಬಿದ್ದಿತ್ತು. ಗುಂಡಿ ಒತ್ತಿದೆ. ಹತ್ತಿಕೊಳ್ಳಲಿಲ್ಲ. ಅದಕ್ಕೆ ಚಾರ್ಜು ಹಾಕಿ ಎಷ್ಟು ಕಾಲವಾಗಿತ್ತೋ! ಆ ವಿಳಾಸದ ಪಾಸ್‌ವರ್ಡು ನನ್ನ ಹೊರತು ಇನ್ನಾರಿಗೂ ಗೊತ್ತಿರಲಿಲ್ಲ. ನಾನಂತೂ ತೆರೆದಿರಲಿಲ್ಲ. ಹಾಗಾದರೆ ತೆರೆದವರು ಯಾರು?

ಆಗ ನೆನಪಾಯಿತು. ಹಿಂದೆ ಒಮ್ಮೆ ಸಾಫ್ಟ್‌ವೇರ್ ಹೊಸದಾಗಿ ಅಪ್‌ಡೇಟ್ ಆದಾಗ ಪರದೆಯ ಮೇಲೆ ಒಂದು ಸೂಚನೆ ಬಂದಿತ್ತು. ಅರ್ಧ ಓದಿ ಓಕೆ ಒತ್ತಿದ್ದೆ. ಈಗ ಸಹಾಯದ ಪುಟದಲ್ಲಿ ಅದನ್ನೇ ಹುಡುಕಿ ಓದಿದೆ. ಕೆಲವು ಮೇಲ್ ಕಂಪನಿಗಳು ಮೇಲ್ ಬಂದು ಬೀಳುತ್ತಿದ್ದಂತೆ ತಮ್ಮದೇ ಯಂತ್ರದಿಂದ ಅದರೊಳಗಿನ ಚಿತ್ರಗಳನ್ನು ತೆಗೆದು ತಪಾಸಣೆ ಮಾಡುತ್ತವೆ, ಆಗ ಮನುಷ್ಯರು ನೋಡದಿದ್ದರೂ ತೆರೆದಂತೆ ತೋರಬಹುದು ಎಂದಿತ್ತು. ಎರಡು ಸಾಲು, ಅಷ್ಟೇ. ವಡೆ ತಿಂದದ್ದು ಇದಕ್ಕೆ.

ತಂಗಿ ನನ್ನ ಮೇಲ್ ನೋಡಿಲ್ಲ. ಅವಳೆಲ್ಲಿದ್ದಾಳೋ ನನಗೆ ಗೊತ್ತಿಲ್ಲ. ನನ್ನ ಮಾತಿನಿಂದ ತೂಬು ಎತ್ತಿದ್ದಾರೆ.

ಅವಳ ಗಂಡನಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಇಲ್ಲ. ಅವಮಾನವಾದವನು ಬೈಕ್ ಹತ್ತಿ ಮನೆ ಕಡೆ ಹೊರಟಿರುತ್ತಾನೆ, ಫೋನು ಜೇಬಿನಲ್ಲಿ ಬಡಿದುಕೊಳ್ಳುತ್ತಿರುತ್ತದೆ. ನೀರುಗಂಟಿಯ ನಂಬರು ನನ್ನ ಹತ್ತಿರವಿಲ್ಲ. ನಾನು ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದೆ, ಮತ್ತೆ ಹತ್ತಿದೆ, ಯಾಕೆ ಹತ್ತಿದೆನೋ ಗೊತ್ತಿಲ್ಲ. ಮ್ಯಾನೇಜರು ಏನೋ ಕೇಳಿದರು. ಡ್ರಾಯರಿನ ಫೋನನ್ನು ಅವರ ಕೈಗೆ ಕೊಟ್ಟು ಪರದೆ ತೋರಿಸಿದೆ. ಅವರು ನೋಡಿದರು, ಕಾರಿನ ಕೀಲಿ ತೆಗೆದುಕೊಂಡರು.

ಕಾರಿನಲ್ಲಿ ಕೂತ ಮೇಲೆ ಅವನು ಫೋನು ಎತ್ತಿದ.

"ಏನಕ್ಕ, ಮಳವಳ್ಳಿಗೆ ಬಂದ್ಲಾ?"

"ನೀರ್ ನಿಲ್ಸಿ. ಮೊದ್ಲು ಹೋಗಿ ನೀರ್ ನಿಲ್ಸಿ."

"ಅಂಗಂದ್ರೆ? ಮೇಲ್ ತೆಗ್ದವ್ಳೆ ಅಂದ್ರಲ್ಲ?"

"ಅವ್ಳು ತೆಗ್ದಿಲ್ಲಪ್ಪ. ಮಿಷನ್ನು ತೆಗ್ದಿರೋದು."

ಅವನಿಗೆ ಅರ್ಥವಾಯಿತೋ ಇಲ್ಲವೋ. ಆಮೇಲೆ ಬೈಕ್ ಗಕ್ಕನೆ ತಿರುಗಿದ ಶಬ್ದ ಕೇಳಿಸಿತು, ಫೋನು ಕಟ್ಟಾಯಿತು. ದಾರಿಯುದ್ದಕ್ಕೂ ನಾನು ದೇವರನ್ನು ನೆನೆಯಲಿಲ್ಲ. ನೆನೆಯಲು ಧೈರ್ಯ ಬರಲಿಲ್ಲ. ಎತ್ತಿದ ತೂಬಿನಿಂದ ನೀರು ನುಗ್ಗುವುದೊಂದೇ ಕಣ್ಣ ಮುಂದೆ ಬರುತ್ತಿತ್ತು.

ನಾವು ಮುಟ್ಟುವ ಹೊತ್ತಿಗೆ ತೂಬು ಮತ್ತೆ ಇಳಿದಿತ್ತು. ಕೊನೇ ಭಾಗದ ಗದ್ದೆಯವರೇ ಈ ಸಲ ಮುಂದೆ ನಿಂತು ಬ್ಯಾಟರಿ ಬಿಡುತ್ತಿದ್ದರು. ಒಬ್ಬರೂ ಗೊಣಗಲಿಲ್ಲ. ನಾನು ಏರಿಯ ಮೇಲೆ ಹೆಜ್ಜೆ ಇಡಲಾರದೆ ಕಾರಿನ ಬಾಗಿಲು ಹಿಡಿದು ನಿಂತೆ. ನೀರು ಇಳಿಯುವುದು ಎಷ್ಟು ನಿಧಾನ! ಯಾರೋ ಕೂಗಿದರು, "ಮೋರಿ ಒಳ್ಗೆ ಏನೋ ಬೆಳ್ಳುಗ್ ಕಾಣ್ತದೆ!" ಆಮೇಲೆ ಎಲ್ಲರೂ ಒಂದೇ ಸಲ ಓಡಿದರು. ತಂಗಿಯ ಗಂಡ ಅಳುತ್ತಿರುವುದು ಕೇಳಿಸಿತು. ಅದು ಯಾವ ಅಳುವೆಂದು ತಿಳಿಯುವವರೆಗಿನ ಹೊತ್ತನ್ನು ನಾನು ಇನ್ನೊಂದು ಸಲ ಬದುಕಲಾರೆ.

ಬದುಕಿದ್ದಳು. ಸ್ಕೂಟಿ ಜಾರಿ ನಾಲೆಗೆ ಬಿದ್ದು, ನೀರು ಅವಳನ್ನೂ ಗಾಡಿಯನ್ನೂ ರಸ್ತೆಯಡಿಯ ಮೋರಿಯ ಬಾಯಿಗೆ ತಳ್ಳಿತ್ತು. ಅವಳ ಕಾಲು ಗಾಡಿಗೂ ಮೋರಿಯ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಗೋಡೆಯಲ್ಲಿ ಹುಟ್ಟಿದ್ದ ಅತ್ತಿಗಿಡದ ಬೇರು ಹಿಡಿದುಕೊಂಡು ತಲೆ ಮೇಲೆತ್ತಿಕೊಂಡಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ನೀರಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು?

ಮಂಡ್ಯದ ಆಸ್ಪತ್ರೆಯಲ್ಲಿ ಮಾರನೇ ದಿನ ಅವಳಿಗೆ ದನಿ ಸ್ವಲ್ಪ ಬಂತು. ಕಾಲಿಗೆ ಪಟ್ಟಿ ಕಟ್ಟಿದ್ದರು. ಅವಳ ಗಂಡ ಮಂಚದ ಕಾಲದೆಸೆಯಲ್ಲಿ ನಿಂತಿದ್ದ. ನಾನು ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಅವಳು ನನ್ನ ಕೈ ತಡೆದಳು.

"ಒಂದ್ ಸಲ ನೀರ್ ಇಳೀತು ಕಣಕ್ಕ. ಎದೆಮಟ್ಟ ಇದ್ದುದ್ದು ಸೊಂಟುಕ್ ಬಂತು. ಬಂದವ್ರೆ, ನನ್ನ ಹುಡುಕ್ತಾವ್ರೆ ಅಂದ್ಕೊಂಡೆ. ಆಮೇಲೆ ಮತ್ತೆ ಮೊದ್ಲಿಗಿಂತ ಮ್ಯಾಲೇ ಏರ್ತು. ಗದ್ದಕ್ ಬಂತು. ಆಗ ನಾನು ನಿಮ್ಮನ್ನೆಲ್ಲ ನೋಡೋ ಆಸೆ ಬುಟ್ಬುಟ್ಟೆ." ಅವಳು ಗಂಡನ ಕಡೆ ನೋಡಿದಳು. "ಯಾರು ಮತ್ತೆ ನೀರ್ ಬುಟ್ಟವ್ರು?"

ಅವನು ತಲೆ ತಗ್ಗಿಸಿದ. ಹೇಳಬಾರದೆಂದು ಅವನು ನಿರ್ಧರಿಸಿಕೊಂಡು ಬಂದಿದ್ದನೆಂದು ನನಗೆ ಗೊತ್ತಾಯಿತು.

"ನಾನು ಕಣೇ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ.

"ನೀನೆಲ್ಲಕ್ಕ, ನೀನು ಆಪೀಸ್ನಲ್ಲಿದ್ದಲ್ಲ?"

"ಹೂಂ, ಆಫೀಸಿನಲ್ಲೇ ಇದ್ದೆ" ಎಂದೆ.